ಕೊಡೆ ಚಿತ್ರದ ಲೋಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನ ಹಿಂಬದಿಯಲ್ಲಿರುವ ಶಿಶುವಿಹಾರದ ಬೀಗ ತೆರೆಯುವ ಸದ್ದು. ಒಳಗೆ ಬಂದ ಹೆಂಗಸು ದೀಪ ಹಾಕುವುದಿಲ್ಲ, ಪೊರಕೆ ಹಿಡಿಯುವುದಿಲ್ಲ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಮೊಣಕಾಲೆತ್ತರದ ಪುಟ್ಟ ಕುರ್ಚಿಗಳ ನಡುವೆ ಸೀರೆಯ ಸೆರಗು ಸಿಕ್ಕದಂತೆ ನಡೆದು, ನೇರ ಪೂರ್ವದ ಕಿಟಕಿಯ ಹತ್ತಿರ ಹೋಗುತ್ತಾರೆ. ಕಿಟಕಿಯ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಲೋಟಗಳ ಸಾಲು. ಪ್ರತಿ ಲೋಟದಲ್ಲೂ ಒದ್ದೆ ಹತ್ತಿ, ಹತ್ತಿಯ ಮೇಲೊಂದು ಕಾಳು. ಒಂದೊಂದನ್ನೇ ಎತ್ತಿ, ಕಣ್ಣಿನ ಹತ್ತಿರ ತಂದು, ಹತ್ತಿಯನ್ನು ಕಿರುಬೆರಳಲ್ಲಿ ಒತ್ತಿ ನೋಡಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಾರೆ. ಬಹುತೇಕ ಎಲ್ಲವೂ ಮೊಳೆತಿವೆ. ಎರಡು ಲೋಟಗಳಲ್ಲಿ ಮಾತ್ರ ಮೊಳಕೆಯಿಲ್ಲ. ಆ ಎರಡನ್ನು ಅವರು ಉಳಿದವುಗಳಿಗಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.

ಪತ್ರಿಕೆಗೆ ಬರೆಯಲು ನಾನು ಇಲ್ಲಿಗೆ ಬಂದದ್ದೇ ಈ ಕಿಟಕಿಯ ಕೀರ್ತಿ ಕೇಳಿ. ಈ ಶಾಲೆಯ ಕಿಟಕಿಯಲ್ಲಿ ಒಂದು ಕಾಳೂ ಕೈಕೊಡುವುದಿಲ್ಲವಂತೆ. ಮಕ್ಕಳನ್ನು ಇಲ್ಲಿಗೆ ಕಳಿಸಿದ ತಾಯಂದಿರೆಲ್ಲ ಇದೇ ಮಾತು ಹೇಳುತ್ತಾರೆ; ಕೆಲವರು ಪ್ರಾರ್ಥನೆಯ ಬಲ ಎನ್ನುತ್ತಾರೆ, ಕೆಲವರು ಬೆಳಗಿನ ಬಿಸಿಲಿನ ಬಲ ಎನ್ನುತ್ತಾರೆ. ಚಿಕ್ಕಂದಿನಲ್ಲಿ ನನ್ನ ಲೋಟದ ಕಾಳು ಕೊಳೆತು ನಾರಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಹಾಗಾಗಿ ಇದೇನು ಪವಾಡ, ಕಣ್ಣಾರೆ ನೋಡಿಯೇ ಬಿಡೋಣ ಎಂದು ಬಂದೆ. ಬಂದು ನೋಡಿದರೆ ಎರಡು ಲೋಟದಲ್ಲಿ ಮೊಳಕೆಯೇ ಇಲ್ಲ.

"ಏನಮ್ಮ, ಈ ಸಲ ಎರಡು ಎದ್ದೇ ಇಲ್ವಲ್ಲ?" ಎಂದೆ.

"ಎದ್ದಿಲ್ಲ," ಎಂದರು. ಲೋಟವನ್ನು ಕಟ್ಟೆಯ ಮೇಲಿಟ್ಟು, "ಈ ಸಲ ಹಾಗೇ ಬಿಟ್ಟಿದ್ದೀನಿ ಮೇಡಂ. ಮೊದ್ಲು ಬಿಡ್ತಿರ್ಲಿಲ್ಲ" ಎಂದು ಸೇರಿಸಿದರು.

ಅದರ ಅರ್ಥ ನನಗೆ ಆಗಲಿಲ್ಲ. ಕೇಳೋಣವೆಂದರೆ ಅವರಾಗಲೇ ಒಲೆಯ ಮುಂದಿದ್ದರು. ಅಡುಗೆಗಲ್ಲ, ಗೋಂದು ಕಾಯಿಸಲು. ಹಿಟ್ಟಿಗೆ ನೀರು ಬೆರೆಸಿ, ಗಂಟಾಗದಂತೆ ತಿರುವುತ್ತಾ, ಕೊನೆಗೆ ಚಿಟಿಕೆ ಉಪ್ಪು ಹಾಕುತ್ತಾರೆ. ಅಂಗಡಿಯ ಗೋಂದು ಈ ಕೋಣೆಗೆ ಬರುವ ಹಾಗಿಲ್ಲ, ಏಕೆಂದರೆ ಇಲ್ಲಿನ ಜನ ಅದನ್ನು ನೆಕ್ಕುತ್ತಾರೆ. "ಉಪ್ಪು ಹಾಕಿದ್ರೆ ಬೇಗ ಕೆಡಲ್ಲ. ಆದ್ರೆ ಉಪ್ಪು ಹಾಕಿದ್ದಕ್ಕೇ ನೆಕ್ಕೋದು ಜಾಸ್ತಿ ಆಗಿದೆ. ಏನ್ ಮಾಡೋದು? ಕೆಟ್ಟ ಗೋಂದು ತಿನ್ನೋದಕ್ಕಿಂತ ಒಳ್ಳೆ ಗೋಂದು ತಿನ್ಲಿ!" ಎಂದು ನಗುತ್ತಾರೆ. ಮಕ್ಕಳಿಗೆ ಇವರು ಗೋಂದಮ್ಮ. ಮಕ್ಕಳ ಅಪ್ಪ ಅಮ್ಮಂದಿರಿಗೂ ಗೋಂದಮ್ಮನೇ. ಫಾದರ್ ಒಮ್ಮೆ ಪ್ರಾರ್ಥನೆಯ ನಡುವೆಯೇ "ನಮ್ಮ ಗೋಂದಮ್ಮನವರ ಆರೋಗ್ಯಕ್ಕಾಗಿ" ಎಂದು ಬೇಡಿಕೊಂಡರಂತೆ. ದೇವರಿಗೂ ಇವರ ನಿಜ ಹೆಸರು ಗೊತ್ತಿದೆಯೋ ಇಲ್ಲವೋ ಎಂದು ಇವರ ಗಂಡ ತಮಾಷೆ ಮಾಡುತ್ತಾರೆ.

ಗೋಂದಮ್ಮನ ಕ್ಯಾಲೆಂಡರಿನಲ್ಲಿ ತಿಂಗಳುಗಳಿಲ್ಲ, ವಾರಗಳಿವೆ. ಹಡಗು ವಾರ, ಕುರಿ ವಾರ, ಮೀನು ವಾರ, ದೀಪದ ವಾರ, ಕಾಳು ವಾರ. ಸೋಮವಾರ ಟೀಚರ್ ಒಂದು ದೇವರ ಕಥೆ ಹೇಳುತ್ತಾರೆ. ಮಿಕ್ಕ ದಿನಗಳೆಲ್ಲ ಆ ಕಥೆಯ ಸುತ್ತಲೇ ತಿರುಗುತ್ತವೆ. ಮೀನಿನ ಕಥೆಯಾದರೆ ಮೀನಿಗೆ ಬಣ್ಣ ತುಂಬುವುದು, ಮೀನು ಎಣಿಸುವುದು, ಮೀನಿನ ಅಕ್ಷರ ತಿದ್ದುವುದು, ಕಡ್ಡಿಗೆ ಅಯಸ್ಕಾಂತ ಕಟ್ಟಿ ಕಾಗದದ ಮೀನು ಹಿಡಿಯುವುದು. ಶುಕ್ರವಾರ ಅಪ್ಪ ಅಮ್ಮಂದಿರು ಬಂದು ನೋಡುತ್ತಾರೆ. ಅವರು ಹೋದ ಮೇಲೆ ಕಿಟಕಿ, ಗೋಡೆ, ಹಲಗೆ ಎಲ್ಲ ಖಾಲಿ ಮಾಡಬೇಕು. ಸೋಮವಾರ ಹೊಸ ಕಥೆ, ಹೊಸ ಲೋಕ. "ನಮ್ಮ ಯಜಮಾನ್ರಿಗೆ ಸೊಂಟ ಹಿಡ್ಕೊಂಡಿದ್ದು ಕುರಿ ವಾರ. ಮಗಳಿಗೆ ಹೆರಿಗೆ ಆಗಿದ್ದು ಹಡಗು ವಾರ. ಅವಳಿ ಮಕ್ಕಳು! ಕಥೇಲಿ ಹಡಗು ಹತ್ತೋ ಪ್ರಾಣಿಗಳ ಹಾಗೆ ಜೋಡಿಯಾಗೇ ಬಂದ್ವು" ಎಂದು ಲೆಕ್ಕ ಒಪ್ಪಿಸುತ್ತಾರೆ.

ಕಥೆ ಹೇಳುವುದು ಟೀಚರ್. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಗೋಂದಮ್ಮ. ಹತ್ತಿಯ ಕುರಿ, ರಟ್ಟಿನ ಹಡಗು, ಹಳೆಯ ಕಂಬಳಿಯಿಂದ ಕತ್ತರಿಸಿದ ಸಿಂಹ, ಎಲ್ಲವೂ ಇವರ ಕತ್ತರಿಯಿಂದಲೇ ಹುಟ್ಟಬೇಕು. ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿದ್ದಾರೆ. ಆದರೂ ಹೆಬ್ಬೆರಳ ಬುಡದಲ್ಲಿ ದಪ್ಪ ಗಂಟು ಬೆಳೆದಿದೆ. "ಒಂದು ವರ್ಷ ಆನೆಯ ಜೋಡೀಲಿ ಒಂದನ್ನ ಒಬ್ಬ ತಿಂದ್ಬಿಟ್ಟ. ರಟ್ಟಿನ ಆನೇನ! ಸೊಂಡಿಲು ಪೂರ್ತಿ ಹೊಟ್ಟೆಗೆ. ಇನ್ನೊಂದು ಆನೆ ಒಂಟಿ ಆಯ್ತು ಅಂತ ಇಡೀ ಕ್ಲಾಸು ಅಳು. ರಾತ್ರಿ ಕೂತು ಇನ್ನೊಂದು ಮಾಡ್ದೆ. ಬೆಳಿಗ್ಗೆ ಬಂದು ನೋಡಿ, ಆನೆ ವಾಪಸ್ ಬಂತು ಅಂತ ಕುಣಿದ್ರು." ಇದನ್ನು ಹೇಳುವಾಗ ಅವರ ಮುಖ ಅರಳುತ್ತದೆ, ಹಾಗೆಯೇ ತಟ್ಟನೆ ಇಳಿಯುತ್ತದೆ. ಯಾಕೆಂದು ನನಗೆ ಆಮೇಲೆ ತಿಳಿಯಿತು.

ಈ ಶಾಲೆಯಲ್ಲಿ ಇನ್ನೊಂದು ರೂಢಿ ಇದೆ. ಓದಲು ಬಾರದ ಮಕ್ಕಳಿಗೆ ತಮ್ಮ ಹೆಸರು ಗುರುತಿಸಲು ಬರುವುದಿಲ್ಲವಲ್ಲ, ಅದಕ್ಕೇ ಸೇರಿದ ದಿನವೇ ಪ್ರತಿ ಮಗುವಿಗೂ ಒಂದು ಚಿತ್ರ ಕೊಡುತ್ತಾರೆ. ಗಂಟೆ, ದೋಣಿ, ಏಣಿ, ಬಾಚಣಿಗೆ, ಕೊಡೆ. ಚೀಲ ನೇತುಹಾಕುವ ಮೊಳೆ, ಕುಳಿತುಕೊಳ್ಳುವ ಕುರ್ಚಿ, ನೀರಿನ ಬಾಟಲಿ, ಕಾಳಿನ ಲೋಟ, ಎಲ್ಲದರ ಮೇಲೂ ಅದೇ ಚಿತ್ರ. ಚಿತ್ರ ಬಿಡಿಸುವುದೂ ಗೋಂದಮ್ಮನೇ. ಅವರಿಗೆ ಮಕ್ಕಳ ಹೆಸರು ಮರೆಯುತ್ತದೆ, ಚಿತ್ರ ಮಾತ್ರ ಸಾಯುವ ತನಕ ಮರೆಯುವುದಿಲ್ಲ. ಮಾರುಕಟ್ಟೆಯಲ್ಲಿ ಸೂಟು ತೊಟ್ಟು ನಿಂತಿದ್ದ ಒಬ್ಬ ದೊಡ್ಡ ಮನುಷ್ಯರನ್ನು "ಏ ಬಾಚಣಿಗೆ!" ಎಂದು ಕೂಗಿಬಿಟ್ಟರಂತೆ. ಅವರು ತಿರುಗಿ ನೋಡಿದರೆ ತಲೆ ಪೂರ್ತಿ ಬೋಳು. "ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಪಾಪ, ಕಾಲಿಗೆ ಬೀಳೋಕೆ ಬಂದ. ನಾನು ಬೇಡ ಅಂದೆ, ಬಿಸಿಲಿಗೆ ತಲೆ ಹೊಳೀತಿತ್ತು."

ಇಲ್ಲಿಗೆ ಇವರು ಬಂದದ್ದು ಗುಡಿಸಿ ಒರೆಸುವ ಕೆಲಸಕ್ಕೆ. ಓದು ಏಳನೇ ಕ್ಲಾಸಿಗೆ ನಿಂತಿತ್ತು. ತಂದೆ ದರ್ಜಿ, ಕತ್ತರಿ ಹಿಡಿಯಲು ಕಲಿತದ್ದು ಅವರ ಕಾಲಬುಡದಲ್ಲಿ, ಉಳಿದ ಚಿಂದಿಗಳ ಮೇಲೆ. ಸೇರಿದ ಹೊಸತರಲ್ಲಿ ಒಂದು ಮಗು ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲಿಸಲಿಲ್ಲ. ಪೊರಕೆ ಬದಿಗಿಟ್ಟು, ಹಳೆಯ ಪೇಪರಿನಲ್ಲಿ ಒಂದು ಚಂದ್ರನನ್ನು ಕತ್ತರಿಸಿ ಕೊಟ್ಟರು. ಆಗಿದ್ದ ಹಿರಿಯ ಸಿಸ್ಟರ್ ಅದನ್ನು ಬಾಗಿಲಲ್ಲಿ ನಿಂತು ನೋಡಿದರು. ಮರುದಿನ ಒಂದು ಕತ್ತರಿ ತಂದು ಕೈಗಿಟ್ಟು, "ಇದು ನಿಮ್ಮದು, ಪೊರಕೆ ಎಲ್ಲರದು" ಎಂದರಂತೆ. ಆ ಸಿಸ್ಟರ್ ಈಗ ಇಲ್ಲ. ಕತ್ತರಿ ಇದೆ, ಪೊರಕೆಯೂ ಇದೆ. ಕೆಲಸ ಎರಡಾಯಿತೇ ಹೊರತು ಹುದ್ದೆಯ ಹೆಸರು ಆಯಾ ಎಂದೇ ಉಳಿಯಿತು.

ಬಸ್ಸಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಇವರ ಗಂಡನಿಗೆ ಇದರ ಬಗ್ಗೆ ಹೆಂಡತಿಗಿಂತ ಹೆಚ್ಚು ಸಿಟ್ಟು. ಪ್ರತಿ ವರ್ಷ ಶಾಲೆಯ ದೊಡ್ಡ ಫೋಟೋ ತೆಗೆಯುವಾಗ ಹಿಂದಿನ ಬಣ್ಣದ ಪರದೆ ಗಾಳಿಗೆ ಹಾರದಂತೆ ಹಿಡಿದು ನಿಲ್ಲುವುದು ಗೋಂದಮ್ಮ. ಹಾಗಾಗಿ ಯಾವ ಫೋಟೋದಲ್ಲೂ ಇವರ ಮುಖ ಇಲ್ಲ, ಪರದೆಯ ಅಂಚಿನಲ್ಲಿ ನಾಲ್ಕು ಬೆರಳು ಮಾತ್ರ ಇವೆ. ಗಂಡ ಆ ಫೋಟೋಗಳನ್ನೆಲ್ಲ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಾರೆ. ಗೋಂದು ಆರಲು ಬಿಟ್ಟು, ಮಕ್ಕಳು ಬರುವ ಮುಂಚೆ, ಗೋಂದಮ್ಮ ನನ್ನನ್ನು ಕಾಫಿಗೆಂದು ಮನೆಗೆ ಕರೆದೊಯ್ದಾಗ ಅವರು, "ನೋಡಿ, ಇದು ನನ್ನ ಹೆಂಡ್ತಿ," ಎಂದು ಬೆರಳುಗಳನ್ನು ತೋರಿಸಿದರು. "ಇದೂ ನನ್ನ ಹೆಂಡ್ತಿ. ಇಲ್ಲಿ ಬಳೆ ಬದಲಾಯಿಸಿದ್ದಾಳೆ." ಎಲೆಮರೆಯ ಕಾಯಿ ಎಂದು ನಾವು ಪತ್ರಿಕೆಯವರು ಸುಲಭವಾಗಿ ಬರೆದುಬಿಡುತ್ತೇವೆ. ಇಲ್ಲಿ ಎಲೆಯನ್ನು ಹಿಡಿದು ನಿಂತದ್ದೂ ಕಾಯಿಯೇ.

ಕಿಟಕಿಯ ಗುಟ್ಟು ರಟ್ಟಾಗಿದ್ದು ಅವರ ಮನೆಯಲ್ಲೇ. ನಾನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ಗಂಡನೇ. "ಕಾಳು ವಾರ ಬಂತು ಅಂದ್ರೆ ನಮ್ಮನೆ ಅಡುಗೆಮನೆ ಶೆಲ್ಫೆಲ್ಲ ಲೋಟ. ಅಲ್ಲಿ ಮಕ್ಕಳು ನೆಟ್ಟ ದಿನಾನೇ ಇಲ್ಲಿ ಇವಳೂ ನೆಡ್ತಿದ್ಲು. ಅಲ್ಲಿ ಯಾರದ್ದು ಏಳ್ಲಿಲ್ವೋ, ಇಲ್ಲಿಂದ ಒಂದು ತಗೊಂಡು ಹೋಗಿ ಬೆಳಗಾಗೋಕೆ ಮುಂಚೆ ಬದಲಾಯಿಸಿಬಿಡೋದು. ನನಗೆ ಕಾಫಿ ಕುಡಿಯೋಕೆ ಲೋಟ ಇರ್ತಿರ್ಲಿಲ್ಲ." ಗೋಂದಮ್ಮ ತಲೆ ತಗ್ಗಿಸಿದ್ದರು. ಟೀಚರಿಗೂ ಈಗ ಶಾಲೆ ನೋಡಿಕೊಳ್ಳುವ ಸಿಸ್ಟರಿಗೂ ಇದು ಗೊತ್ತಿರಲಿಲ್ಲ. ಕೊಳೆತದ್ದು ಕಸಕ್ಕೆ, ಮೊಳೆತದ್ದು ಕಿಟಕಿಗೆ. ಯಾವ ಮಗುವೂ ಅಳಬಾರದು, ಅಷ್ಟೇ ಅವರ ಆಸೆ.

ಇದರಲ್ಲಿ ತಪ್ಪೇನಿದೆ ಎಂದು ನನಗೆ ಆ ಕ್ಷಣದಲ್ಲಿ ಅನ್ನಿಸಿತು. ನನ್ನ ಕಾಳು ಕೊಳೆತಾಗ ಇಂಥ ಒಬ್ಬ ಗೋಂದಮ್ಮ ನಮ್ಮ ಶಾಲೆಯಲ್ಲೂ ಇರಬಾರದಿತ್ತೇ ಎಂದುಕೊಂಡೆ. ಅದನ್ನೇ ಬಾಯಿಬಿಟ್ಟು ಹೇಳಿದೆ. ಅವರು ತಲೆಯೆತ್ತಿ, "ಕೊಡೆ ಕಥೆ ಕೇಳಿ, ಆಮೇಲೆ ಹೇಳಿ" ಎಂದರು.

ಕೊಡೆ ಎಂದರೆ ಹೋದ ವರ್ಷದ ಒಂದು ಹುಡುಗಿ, ಕೊಡೆ ಚಿತ್ರದವಳು. ತುಂಬ ಮಾತಿಲ್ಲ. ಬೆಳಿಗ್ಗೆ ಬಿಗಿಯಾಗಿ ಹೆಣೆದ ಎರಡು ಜಡೆ ಹಾಕಿಕೊಂಡು ಬರುತ್ತಿದ್ದಳು. ವರ್ಷದ ನಡುವೆ ಅವಳ ತಾಯಿ ಕಾಯಿಲೆಯಲ್ಲಿ ತೀರಿಕೊಂಡರು. ತಂದೆ ಮನೆಗಳಿಗೆ ಬಣ್ಣ ಬಳಿಯುವವರು. ಗೋಡೆಗೆ ಎಷ್ಟು ನಯವಾಗಿ ಬಳಿದರೂ ಮಗಳ ಕೂದಲು ಅವರ ಕೈಗೆ ಒಗ್ಗಲಿಲ್ಲ. ಒಂದೇ ಜಡೆ, ಅದೂ ಕಿವಿಯ ಕಡೆಗೆ ವಾಲಿದ್ದು, ರಿಬ್ಬನ್ನಿನ ಮೇಲೆ ಸುಣ್ಣದ ಚುಕ್ಕಿ. ಗೋಂದಮ್ಮ ದಿನಾ ಬೆಳಿಗ್ಗೆ ಅದನ್ನು ಬಿಚ್ಚಿ, ಬಾಚಿ, ಎರಡು ಜಡೆ ಮಾಡಿ ಕೂರಿಸುತ್ತಿದ್ದರು. ಸಂಜೆ ಮಗಳನ್ನು ಕರೆದೊಯ್ಯಲು ಬಂದಾಗ ತಂದೆ ಆ ಜಡೆಗಳನ್ನು ನೋಡುತ್ತಿದ್ದರು.

ಆ ಸಾವಾಗಿ ಕೆಲವೇ ದಿನಕ್ಕೆ ಕಾಳು ವಾರ ಬಂತು. ಟೀಚರ್ ಎಂದಿನಂತೆ ಸೋಮವಾರದ ಕಥೆ ಹೇಳಿದರು. ಕಾಳು ಮಲಗಿದೆ, ನೀರು ಹಾಕಿ, ಪ್ರಾರ್ಥನೆ ಮಾಡಿ, ಕಾಯಿರಿ, ದೇವರು ಅದನ್ನು ಎಬ್ಬಿಸುತ್ತಾನೆ. ಮಕ್ಕಳು ಕೈಜೋಡಿಸಿ ತಂತಮ್ಮ ಲೋಟದ ಮುಂದೆ ಕಣ್ಣು ಮುಚ್ಚಿದರು. ಕೊಡೆ ಮಾತ್ರ ಮುಚ್ಚಲಿಲ್ಲ, ಲೋಟವನ್ನೇ ನೋಡುತ್ತ ಬೇಡಿಕೊಂಡಳು. ಎಲ್ಲರ ಕಾಳೂ ಒಡೆದವು, ಅವಳದು ಒಡೆಯಲಿಲ್ಲ. ಗುರುವಾರದ ಹೊತ್ತಿಗೆ ಕಪ್ಪಗಾಗಿತ್ತು. ಗೋಂದಮ್ಮ ಶುಕ್ರವಾರ ಬೆಳಕು ಹರಿಯುವ ಮುಂಚೆ ಬಂದು, ತಮ್ಮ ಮನೆಯ ಲೋಟಗಳಲ್ಲೇ ಎಲ್ಲಕ್ಕಿಂತ ಎತ್ತರವಾಗಿದ್ದ ಮೊಳಕೆಯನ್ನು ಆರಿಸಿ ಕೊಡೆ ಚಿತ್ರದ ಲೋಟದಲ್ಲಿ ಇಟ್ಟರು.

"ಪಾಪ, ಅಮ್ಮ ಇಲ್ಲದ ಮಗು, ಅವಳದೇ ಎಲ್ಲಕ್ಕಿಂತ ದೊಡ್ಡದಿರ್ಲಿ ಅಂತ. ನನ್ನ ಬುದ್ಧಿ ನೋಡಿ ಮೇಡಂ, ಆರ್ಸಿ ಆರ್ಸಿ ಇಟ್ಟೆ. ಅವಳು ಬಂದ್ಲು. ಬೇರೆ ಮಕ್ಕಳ ಹಾಗೆ ಕುಣೀಲಿಲ್ಲ. ಲೋಟಕ್ಕೆ ಮೂಗು ತಾಗಿಸಿ ನಿಂತ್ಲು. ತುಂಬಾ ಹೊತ್ತು ನಿಂತಿದ್ಲು. ಆಮೇಲೆ 'ಸರಿ' ಅಂದ್ಲು. ಅಷ್ಟೇ. ನಾನು ಖುಷಿ ಅಂದ್ಕೊಂಡೆ."

ಮುಂದಿನ ಸೋಮವಾರ ಮೀನು ವಾರ. ಕಿಟಕಿ ಖಾಲಿಯಾಗಿರಬೇಕಿತ್ತು. ಮಧ್ಯಾಹ್ನ ಗೋಂದಮ್ಮ ಪರದೆ ಸರಿಸಿದರೆ ಮೂಲೆಯಲ್ಲಿ ಒಂದು ಲೋಟ, ಅದರ ಮೇಲೆ ಕೊಡೆ ಚಿತ್ರ. ಒಳಗೆ ಹತ್ತಿ, ಹತ್ತಿ ಒದ್ದೆ. ಅದರ ಮೇಲೆ ಕಾಳಿಲ್ಲ, ನೀಲಿ ಬಣ್ಣದ ಒಂದು ಬಟನ್ ಇದೆ. ಆಟವಾಡುವಾಗ ಬಿದ್ದಿರಬೇಕೆಂದು ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಮರುದಿನ ಬಟನ್ ಮತ್ತೆ ಲೋಟದಲ್ಲಿತ್ತು. ಮೀನು ಹಿಡಿಯುವ ಗದ್ದಲದ ನಡುವೆ ಕೊಡೆ ತನ್ನ ಬಾಟಲಿಯ ಮುಚ್ಚಳದಲ್ಲಿ ನೀರು ತಂದು ಅದರ ಮೇಲೆ ಹನಿಸುತ್ತಿದ್ದಳು.

ಗೋಂದಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಇದು ಯಾರ್ದು ಮಗಾ?" ಎಂದು ಕೇಳಿದರು.

"ಅಮ್ಮಂದು. ಸ್ವೆಟರ್‌ದು."

"ಬಟನ್‌ಗೆ ಯಾಕೆ ನೀರು ಹಾಕ್ತಿದ್ದೀಯ?"

"ನನ್ನ ಕಾಳು ಸತ್ತೋಗಿತ್ತು. ವಾಸನೆ ಬಂದಿತ್ತು. ಆಮೇಲೆ ಎದ್ಬಿಡ್ತು."

ನಾನು ಬರೆಯುವುದನ್ನು ನಿಲ್ಲಿಸಿದೆ. ಐದು ವರ್ಷದ ಆ ಮಗು ತನ್ನ ಕಾಳು ಸತ್ತದ್ದನ್ನು ನೋಡಿದ್ದಳು, ಮೂಸಿದ್ದಳು, ಯಾರಿಗೂ ಹೇಳದೆ ಸುಮ್ಮನಿದ್ದಳು. ಉಳಿದವರದು ಮಲಗಿದ್ದು ಎದ್ದಿತ್ತು. ಅವಳೊಬ್ಬಳದು ಮಾತ್ರ ಸತ್ತು ಎದ್ದಿತ್ತು. ಶುಕ್ರವಾರ ಅವಳು 'ಸರಿ' ಎಂದದ್ದು ಅದಕ್ಕೆ.

ಗೋಂದಮ್ಮ ಓಡಿಹೋಗಿ ಟೀಚರಿಗೆ ಎಲ್ಲ ಒಪ್ಪಿಸಿದರು. ಟೀಚರ್ ಚಿಕ್ಕ ವಯಸ್ಸಿನವರು, ಕೇಳಿ ಅತ್ತುಬಿಟ್ಟರು. ವಿಷಯ ತಿಳಿದ ಸಿಸ್ಟರ್, "ಮಕ್ಕಳು ಮರೀತಾರೆ. ಏನೂ ಹೇಳೋಕೆ ಹೋಗ್ಬೇಡಿ, ಗಾಯ ಕೆದಕಿದ ಹಾಗಾಗುತ್ತೆ" ಎಂದರು. ಅವರದೂ ಕೆಟ್ಟ ಮನಸ್ಸಿನ ಮಾತಲ್ಲ. ಆದರೆ ಕೊಡೆ ಮರೆಯಲಿಲ್ಲ. ಮೀನು ವಾರ ಹೋಯಿತು, ದೀಪದ ವಾರ ಬಂತು, ಹಡಗು ವಾರವೂ ಬಂತು. ಗೋಡೆಯ ಮೇಲೆ ಲೋಕಗಳು ಬದಲಾಗುತ್ತಲೇ ಇದ್ದವು, ಪರದೆಯ ಮರೆಯ ಆ ಲೋಟ ಮಾತ್ರ ಕದಲಲಿಲ್ಲ. ಹತ್ತಿ ಹಳಸಿದಾಗ ಗೋಂದಮ್ಮನೇ ಹೊಸ ಹತ್ತಿ ಹಾಕುತ್ತಿದ್ದರು. ತೆಗೆಯಲು ಕೈ ಬರಲಿಲ್ಲ, ಹೇಳಲು ಬಾಯಿ ಬರಲಿಲ್ಲ.

"ಒಂದು ದಿನ ಏನ್ ಮಾಡ್ದೆ ಗೊತ್ತಾ?" ಎಂದರು, ನನ್ನ ಕಡೆ ನೋಡದೆ. "ನಮ್ಮಪ್ಪನ ಬಟನ್ ಡಬ್ಬಿ ಇನ್ನೂ ನನ್ನ ಹತ್ರ ಇದೆ. ಅದ್ರಲ್ಲಿ ಅದೇ ನೀಲಿ ಬಣ್ಣದ್ದು ಒಂದು ಇತ್ತು, ಸ್ವಲ್ಪ ದೊಡ್ಡದು. ಅದನ್ನ ಸೆರಗಲ್ಲಿ ಕಟ್ಕೊಂಡು ಬೆಳಿಗ್ಗೆ ಶಾಲೆಗೆ ಬಂದೆ. ಬದಲಾಯಿಸಿಬಿಟ್ರೆ ಬೆಳೀತು ಅಂದ್ಕೋತಾಳೆ, ಖುಷಿ ಪಡ್ತಾಳೆ ಅಂತ. ಲೋಟಕ್ಕೆ ಕೈ ಹಾಕಿದ್ದೆ ಮೇಡಂ. ಕೈ ಹಾಕಿದ್ದೆ. ಆಗ ನನಗೇ ನನ್ನ ಮೇಲೆ ಹೆದರಿಕೆ ಆಯ್ತು. ದೊಡ್ಡ ಬಟನ್ ಆದ್ಮೇಲೆ ಏನು? ಆಮೇಲೆ ಸ್ವೆಟರ್ ತಂದಿಡ್ಲಾ? ಆಮೇಲೆ?"

ಒಳಗೆ ಕೂತಿದ್ದ ಗಂಡ ಎದ್ದುಹೋಗಿ ಒಂದು ಲೋಟ ನೀರು ತಂದು ಹೆಂಡತಿಯ ಮುಂದಿಟ್ಟು ಮತ್ತೆ ಕೂತರು.

ಅದೇ ದಿನ ಅವರು ಕೊಡೆಗೆ ನಿಜ ಹೇಳಿದರು. ಸಿಸ್ಟರನ್ನು ಕೇಳಲಿಲ್ಲ, ಟೀಚರನ್ನೂ ಕೇಳಲಿಲ್ಲ. ಮಕ್ಕಳೆಲ್ಲ ಹೊರಗೆ ಆಡುತ್ತಿದ್ದ ಹೊತ್ತಿನಲ್ಲಿ ಅವಳನ್ನು ಕೊಡೆ ಚಿತ್ರದ ಕುರ್ಚಿಯ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕೂತರು. ನಿನ್ನ ಕಾಳು ಏಳಲಿಲ್ಲ ಮಗಾ, ಅದು ನಮ್ಮ ಮನೆಯ ಕಾಳು, ನೀನು ಅಳಬಾರದು ಅಂತ ನಾನೇ ತಂದಿಟ್ಟೆ ಎಂದರು. ದೇವರು ಎಬ್ಬಿಸಲಿಲ್ಲವೇ ಎಂದು ಅವಳು ಕೇಳಬಹುದು, ಅಮ್ಮ ಬರುವುದಿಲ್ಲವೇ ಎಂದು ಕೇಳಬಹುದು ಎಂದು ಹೆದರಿ, ಎರಡಕ್ಕೂ ಉತ್ತರ ಯೋಚಿಸಿಟ್ಟುಕೊಂಡಿದ್ದರು. ಕೊಡೆ ಅವೆರಡನ್ನೂ ಕೇಳಲಿಲ್ಲ.

"ನನ್ನ ಕಾಳು ಎಲ್ಲಿ?" ಎಂದಳು.

"ಅದು ಕೊಳೆತೋಗಿತ್ತು ಮಗಾ. ಎಸೆದೆ."

"ಎಲ್ಲಿಗೆ?"

"ಕಸಕ್ಕೆ."

ಅವಳು ಗೋಂದಮ್ಮನ ಮುಖವನ್ನೇ ನೋಡಿದಳಂತೆ. ಆಮೇಲೆ, "ಅದು ನಂದು. ನನ್ನನ್ನ ಕೇಳ್ಲೇ ಇಲ್ಲ" ಎಂದಳು. ಎದ್ದು ಹೋಗಿ, ಲೋಟ ತಂದು, ನೀರನ್ನು ತೊಟ್ಟಿಗೆ ಚೆಲ್ಲಿ, ಬಟನ್ನನ್ನು ಲಂಗದ ಅಂಚಿನಿಂದ ಒರೆಸಿ ಜೇಬಿಗೆ ಹಾಕಿಕೊಂಡಳು. ಅಳಲಿಲ್ಲ. ಲೋಟವನ್ನು ಗೋಂದಮ್ಮನ ಕೈಗೆ ಕೊಟ್ಟು ಹೊರಗೆ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗೋಂದಮ್ಮನಿಗೆ ಆಡಿದ ಮಾತಿನ ಬಗ್ಗೆ ಬೇಸರವಿಲ್ಲ, ಅಷ್ಟು ವಾರ ಆಡದೆ ಉಳಿದದ್ದರ ಬಗ್ಗೆ ಇದೆ. ಅದಕ್ಕಿಂತ ಹೆಚ್ಚಾಗಿ ಆ ಕಪ್ಪು ಕಾಳಿನ ಬಗ್ಗೆ ಇದೆ. "ಕಸಕ್ಕೆ ಹಾಕುವಾಗ ಎರಡು ಸಲ ಯೋಚನೆ ಮಾಡ್ಲಿಲ್ಲ. ಅವಳು ಅದಕ್ಕೆ ನೀರು ಹಾಕಿದ್ಲು, ಬೇಡ್ಕೊಂಡಿದ್ಲು, ಸತ್ತೋಗಿದ್ದೂ ಅವಳಿಗೆ ಗೊತ್ತಿತ್ತು. ಮನೇಲೂ ಹಾಗೇ ಆಯ್ತಂತೆ. ಅಮ್ಮ ಹೋದಾಗ ಮಗು ಹೆದರುತ್ತೆ ಅಂತ ಪಕ್ಕದ ಮನೇಲಿ ಮಲಗಿಸಿದ್ರಂತೆ. ಬೆಳಿಗ್ಗೆ ಬಂದ್ರೆ ಹಾಸಿಗೆ ಖಾಲಿ. ಅವಳ ಅಪ್ಪ ಆಮೇಲೆ ಹೇಳಿದ್ರು. ಅಲ್ಲೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಮರುದಿನ ಬೆಳಿಗ್ಗೆ ಎಂದಿನಂತೆ ಬಾಚಣಿಗೆ ಹಿಡಿದು ಕರೆದರೆ ಕೊಡೆ ಬರಲಿಲ್ಲ. ಕೈಯಿಂದ ತನ್ನ ವಾಲಿದ ಜಡೆಯನ್ನು ಮುಚ್ಚಿಕೊಂಡು, "ಅಪ್ಪ ಹಾಕಿದ್ದಾರೆ" ಎಂದಳು. ವರ್ಷ ಮುಗಿಯುವ ತನಕ ಆ ಒಂದೇ ಜಡೆಯಲ್ಲೇ ಕೂತಳು. ಕತ್ತರಿಸಿದ ಕುರಿಗಳನ್ನು ತೆಗೆದುಕೊಂಡಳು, ಗೋಂದು ಬೇಕೆಂದಾಗ ಕೇಳಿದಳು, ಎದುರು ಮಾತಾಡಲಿಲ್ಲ. ತಲೆ ಮುಟ್ಟಲು ಮಾತ್ರ ಬಿಡಲಿಲ್ಲ. ರಜೆ ಬಂದಾಗ ತಂದೆ ಅವಳನ್ನು ಕರೆದುಕೊಂಡು ತಮ್ಮ ಅಕ್ಕನ ಊರಿಗೆ ಹೊರಟುಹೋದರು. ಈಗ ಅಲ್ಲೇ ಯಾವುದೋ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಹೋಗುತ್ತಿರಬೇಕು.

ಈ ವರ್ಷ ಕಾಳು ವಾರ ಹತ್ತಿರ ಬಂದಾಗ ಗೋಂದಮ್ಮನ ಅಡುಗೆಮನೆಯ ಶೆಲ್ಫಿನಲ್ಲಿ ಲೋಟಗಳು ಸಾಲು ನಿಲ್ಲಲಿಲ್ಲ. ಗಂಡನಿಗೆ ಕಾಫಿಗೆ ಲೋಟ ಸಿಕ್ಕಿತು. ಟೀಚರೂ ಸೋಮವಾರದ ಮಾತನ್ನು ತುಸು ಬದಲಾಯಿಸಿ, "ನೀರು ಹಾಕೋಣ, ಕಾಯೋಣ, ಕೆಲವು ಏಳುತ್ತವೆ, ಕೆಲವು ಏಳಲ್ಲ, ಎಲ್ಲವನ್ನೂ ನೋಡ್ಕೊಳ್ಳೋಣ" ಎಂದರು. ಸಿಸ್ಟರ್ ಅದನ್ನು ತಡೆಯಲಿಲ್ಲ. ಹಾಗಾಗಿಯೇ ಈ ಬೆಳಿಗ್ಗೆ ಎರಡು ಲೋಟ ಮೊಳಕೆಯಿಲ್ಲದೆ ಉಳಿದಿವೆ. ಒಂದು ಏಣಿಯದು, ಇನ್ನೊಂದು ದೋಣಿಯದು.

ಇವತ್ತು ಶುಕ್ರವಾರ, ಅಪ್ಪ ಅಮ್ಮಂದಿರ ದಿನ. ಅವರು ಬರುವ ಮುಂಚೆ ಗೋಂದಮ್ಮ ಏಣಿಯನ್ನೂ ದೋಣಿಯನ್ನೂ ಕಿಟಕಿಯ ಹತ್ತಿರ ಕರೆದು, ಲೋಟಗಳನ್ನು ಅವರ ಕೈಗೇ ಕೊಡುತ್ತಾರೆ. "ಇದು ಏಳ್ಲಿಲ್ಲ ಮಗಾ. ಏನ್ ಮಾಡೋಣ, ನೀವೇ ಹೇಳಿ" ಎನ್ನುತ್ತಾರೆ. ಏಣಿ ಜೋರಾಗಿ ಅಳುತ್ತದೆ. ಗೋಂದಮ್ಮ ತಡೆಯುವುದಿಲ್ಲ, ಚಂದ್ರನನ್ನೂ ಕತ್ತರಿಸಿ ಕೊಡುವುದಿಲ್ಲ, ಮಡಿಲಲ್ಲಿ ಕೂರಿಸಿಕೊಂಡು ಅತ್ತು ಮುಗಿಯುವ ತನಕ ಕಾಯುತ್ತಾರೆ. ಇಷ್ಟು ವರ್ಷ ಈ ಕಿಟಕಿಯ ಬಳಿ ಕೇಳಿಸದ ಅಳು ಅದು. ಅವರ ಮುಖ ನೋಡಿದರೆ ಅದನ್ನು ಕೇಳುವುದು ಅವರಿಗೆ ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ದೋಣಿ ಅಳುವುದಿಲ್ಲ. ಲೋಟದೊಳಗೆ ಬೆರಳು ಹಾಕಿ ಕಾಳನ್ನು ತಿರುಗಿಸಿ ನೋಡಿ, "ಮನೆಗೆ ತಗೊಂಡು ಹೋಗ್ತೀನಿ, ನಂದು" ಎನ್ನುತ್ತದೆ.

ಅಪ್ಪ ಅಮ್ಮಂದಿರು ಬರುತ್ತಾರೆ. ದೋಣಿಯ ತಂದೆ ಮಗನ ಮೊಳಕೆಯಿಲ್ಲದ ಲೋಟವನ್ನೂ ಪಕ್ಕದವರ ಹಸಿರು ಲೋಟವನ್ನೂ ನೋಡಿ, "ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರೆ, ನಮ್ಮವನದು ಮೊಳಕೇನೇ ಇಲ್ವಲ್ಲ!" ಎಂದು ನಗೆಯಾಡುತ್ತಾರೆ. "ಈ ಸಲ ನೀರು ಹಾಕೋದು ಮರೆತ್ರಾ ಆಯಾ?" ಎಂದು ಒಬ್ಬ ತಾಯಿ ಕೇಳುತ್ತಾರೆ. ಇಷ್ಟು ವರ್ಷ ಎಲ್ಲವೂ ಮೊಳೆತಾಗ ಯಾರೂ ಇವರನ್ನು ಕೇಳಿರಲಿಲ್ಲ. ಈಗ ಎರಡು ಮೊಳೆಯದಿದ್ದಕ್ಕೆ ಇವರ ನೆನಪಾಗಿದೆ. ನನಗೆ ಮೈ ಉರಿಯುತ್ತದೆ. ಗೋಂದಮ್ಮ "ಇಲ್ಲಮ್ಮ, ಹಾಕಿದ್ದೆ" ಎಂದಷ್ಟೇ ಹೇಳಿ ಕುರ್ಚಿಗಳನ್ನು ಜೋಡಿಸಲು ಹೋಗುತ್ತಾರೆ.

ಎಲ್ಲರೂ ಹೋದ ಮೇಲೆ ಕಿಟಕಿ ಖಾಲಿ ಮಾಡುವ ಕೆಲಸ. ಮೂಲೆಯಲ್ಲಿ, ಪರದೆಯ ಮರೆಯಲ್ಲಿ, ಒಂದು ಲೋಟ ತಲೆಕೆಳಗಾಗಿ ಇದೆ. ಅದನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಾರೆ. ಕೊಡೆ ಚಿತ್ರದ ಬಣ್ಣ ಮಾಸಿದೆ.

ಪೇಪರಿನಲ್ಲಿ ನಿಮ್ಮ ಹೆಸರು ಹಾಕಬೇಕು, ಒಂದು ಫೋಟೋ ಬೇಕು, ಈ ಸಲ ಬೆರಳಲ್ಲ, ಮುಖ ಎಂದೆ. ಅವರು ಕೈಯ ಗೋಂದನ್ನು ಉಜ್ಜಿ ತೆಗೆದರು.

"ನನ್ನ ಹೆಸ್ರು ಬೇಡ, ಫೋಟೋನೂ ಬೇಡ. ಯಜಮಾನ್ರಿಗೆ ಬೇಜಾರಾಗುತ್ತೆ, ಆಗ್ಲಿ. ಒಂದು ಕೆಲಸ ಮಾಡ್ತೀರಾ? ಈ ಬರಹದ ಮೇಲೆ ಒಂದು ಕೊಡೆ ಚಿತ್ರ ಹಾಕಿಸಿ. ನಾನೇ ಬಿಡಿಸಿ ಕೊಡ್ತೀನಿ, ಅದೇ ತರದ್ದು. ಅವಳಿಗೆ ಇನ್ನೂ ಪೇಪರ್ ಓದೋಕೆ ಬರಲ್ಲ. ಆದ್ರೆ ಯಾರ ಮನೇಲಾದ್ರೂ, ಯಾವ ಅಂಗಡೀಲಾದ್ರೂ ಇದು ಕಣ್ಣಿಗೆ ಬಿದ್ರೆ, ತನ್ನದು ಅಂತ ಗೊತ್ತಾಗುತ್ತೆ. ಅಪ್ಪನ ಹತ್ರ ಓದಿಸ್ಕೋತಾಳೆ."

"ಅವಳಿಗೆ ಏನಾದ್ರೂ ಹೇಳ್ಬೇಕಾ?" ಎಂದು ಕೇಳಿದೆ.

"ಹೇಳೋದೇನಿಲ್ಲ. ಕೇಳೋದಿದೆ," ಎಂದರು ಗೋಂದಮ್ಮ. "ಒಂದು ಸಲ ಬಂದು ನನಗೆ ಚೆನ್ನಾಗಿ ಬೈದು ಹೋಗ್ತೀಯಾ ಮಗಾ, ಅಂತ ಕೇಳಿ."